ಟೆಸ್ಟ್ ಒತ್ತಿದರೆ ಹೊಡೆಯುತ್ತದೆ, ಕ್ಲಿಕ್ ಮಾಡಿದರೆ ಇಲ್ಲ

ತೋಟದ ಕಪ್ಪೆ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು. ಮಳೆ ಹಿಡಿಯಿತು ಅಂದರೆ ನಮ್ಮ ಅಡಿಕೆ ತೋಟದ ಕೆರೆ ದಂಡೆಯಲ್ಲಿ ಮರಗಪ್ಪೆಗಳ ಸಂತೆ. ನೀರಿನ ಮೇಲೆ ಬಾಗಿದ ಎಲೆಗೆ ನೊರೆಗೂಡು ಕಟ್ಟುತ್ತವಲ್ಲ, ಅವೇ. ಮೂರು ವರ್ಷ ಕ್ಯಾಮರಾದ ನೆತ್ತಿ ಮೇಲಿನ ಫ್ಲ್ಯಾಶ್‌ನಲ್ಲೇ ತೆಗೆದೆ. ಎಲ್ಲವೂ ಪಾಸ್‌ಪೋರ್ಟ್ ಫೋಟೋ ಥರ ಬಂದವು. ಕಪ್ಪೆಯ ಮುಖ ಚಪ್ಪಟೆ, ಹಿಂದೆ ಕಗ್ಗತ್ತಲು, ಒದ್ದೆ ಮೈ ಮೇಲೆ ಬಿಳಿ ಮಚ್ಚೆ.

ಈ ಸಲ ಬೆಳಕನ್ನು ಪಕ್ಕದಿಂದ, ಹಿಂದಿನಿಂದ ಕೊಡೋಣ ಅಂತ ಎರಡು ಮ್ಯಾನ್ಯುವಲ್ ಫ್ಲ್ಯಾಶ್ (ಪವರ್ ನಾವೇ ಇಡಬೇಕಾದದ್ದು) ಮತ್ತು ವೈರ್ ಇಲ್ಲದೆ ರೇಡಿಯೋದಲ್ಲೇ ಅವನ್ನು ಹೊಡೆಸುವ ಒಂದು ಅಗ್ಗದ ಟ್ರಿಗರ್ ಸೆಟ್ ತರಿಸಿದೆ. ಒಂದು ಟ್ರಾನ್ಸ್‌ಮಿಟರ್, ಎರಡು ರಿಸೀವರ್. ಡಬ್ಬಿ ಮೇಲೆ 433 ಮೆಗಾಹರ್ಟ್ಸ್ ಅಂತ ಇದೆ. ಕಂಪನಿ ಹೆಸರು ಹೇಳುವುದಿಲ್ಲ, ತಪ್ಪು ಯಾರದು ಅಂತ ನನಗೇ ಇನ್ನೂ ಗೊತ್ತಿಲ್ಲ.

ತೊಂದರೆ ಇಷ್ಟೇ. ಟ್ರಾನ್ಸ್‌ಮಿಟರ್ ಮೇಲಿನ ಟೆಸ್ಟ್ ಬಟನ್ ಒತ್ತಿದರೆ ಎರಡೂ ಫ್ಲ್ಯಾಶ್ ಚೆನ್ನಾಗಿ ಹೊಡೆಯುತ್ತವೆ. ಅದನ್ನೇ ಕ್ಯಾಮರಾಕ್ಕೆ ಸಿಕ್ಕಿಸಿ ಕ್ಲಿಕ್ ಮಾಡಿದರೆ ಏನೂ ಇಲ್ಲ. ಸೆಲ್ ಬದಲಿಸಿದೆ, ಚಾನೆಲ್ ಬದಲಿಸಿದೆ, ರಿಸೀವರ್ ಅದಲುಬದಲು ಮಾಡಿದೆ. ಕ್ಯಾಮರಾ ನಾಲ್ಕು ವರ್ಷದ ಹಳೆಯ ಡಿಎಸ್‌ಎಲ್‌ಆರ್. ವಾಪಸ್ ಕಳಿಸಲು ಇನ್ನು ಐದು ದಿನ ಇದೆ. ಕಳಿಸಿಬಿಡಲಾ?

ಮಂಟಪದ ಲೈಟು

ಕಳಿಸಬೇಡಿ, ತಾಳಿ. ಟೆಸ್ಟ್ ಬಟನ್‌ಗೆ ಹೊಡೆಯುತ್ತದೆ ಅಂದರೆ ಟ್ರಾನ್ಸ್‌ಮಿಟರ್‌ನಿಂದ ಫ್ಲ್ಯಾಶ್‌ವರೆಗೆ ದಾರಿ ಸರಿ ಇದೆ ಎಂದೇ ಅರ್ಥ. ಎಲ್ಲರೂ ಮೊದಲು ರೇಡಿಯೋನ ಬೈಯುತ್ತಾರೆ, ಪಾಪ. ದಾವಣಗೆರೆಯಲ್ಲಿ ಹನ್ನೆರಡು ವರ್ಷದಿಂದ ಮದುವೆ ಫೋಟೋ ತೆಗೆಯುತ್ತಿದ್ದೇನೆ. ನಾನು ಕಂಡ ಹತ್ತು ತೊಂದರೆಯಲ್ಲಿ ಏಳೆಂಟು ಶೂ (ಕ್ಯಾಮರಾ ನೆತ್ತಿ ಮೇಲೆ ಫ್ಲ್ಯಾಶ್ ಸಿಕ್ಕಿಸುವ ಜಾಗ), ಸೆಲ್, ಇಲ್ಲವೇ ಮೆನು. ಗಾಳಿಯಲ್ಲಿ ಕೆಡುವುದು ಕಮ್ಮಿ.

ನಿಮ್ಮದು ಕ್ಯಾಮರಾ ಮತ್ತು ಟ್ರಾನ್ಸ್‌ಮಿಟರ್ ಸೇರುವ ಜಾಗದಲ್ಲಿ ಕೆಟ್ಟಿದೆ. ಪೂರ್ತಿ ಒಳಗೆ ತಳ್ಳಿದ್ದೀರಾ? ಅಗ್ಗದ ಟ್ರಿಗರ್‌ಗಳ ಕಾಲು ಸ್ವಲ್ಪ ದಪ್ಪ ಇರುತ್ತದೆ. ಅರ್ಧ ಹೋಗಿ ನಿಂತುಬಿಡುತ್ತದೆ. ನೋಡಿದರೆ ಕೂತಂತೆ ಕಾಣುತ್ತದೆ, ನಡು ಪಿನ್ ಮಾತ್ರ ಒಂದು ಮಿಲಿಮೀಟರ್ ಆಚೆ ಇರುತ್ತದೆ.

ಮೀಟರ್ ಮೇಷ್ಟ್ರು

ಮೇಲಿನವರು ಹೇಳಿದ್ದು ಸರಿ. ಆದರೆ ಊಹೆ ಬೇಡ, ಅಳೆದೇ ನೋಡೋಣ.

ಹಾಟ್ ಶೂ ಅಂದರೆ ಏನೋ ದೊಡ್ಡ ವಿದ್ಯೆ ಅಂದುಕೊಳ್ಳಬೇಡಿ. ಅದೊಂದು ಸ್ವಿಚ್, ಮನೆಯ ಕಾಲಿಂಗ್ ಬೆಲ್ ಬಟನ್ ಇದ್ದ ಹಾಗೆ. ನಡುವಿನ ಚುಕ್ಕೆ ಒಂದು ತುದಿ, ಪಕ್ಕದ ಲೋಹದ ಹಳಿ ಇನ್ನೊಂದು ತುದಿ. ಶಟರ್ ಪೂರ್ತಿ ತೆರೆದ ಗಳಿಗೆಯಲ್ಲಿ ಕ್ಯಾಮರಾ ಆ ಎರಡನ್ನೂ ಒಳಗೇ ಸೇರಿಸುತ್ತದೆ. ಅಷ್ಟೇ ಅದರ ಕೆಲಸ. ಉಳಿದ ಸಣ್ಣ ಪಿನ್‌ಗಳು ಟಿಟಿಎಲ್ ಮಾತುಕತೆಗೆ, ಅಂದರೆ ಕ್ಯಾಮರಾ ಲೆನ್ಸ್ ಮೂಲಕ ಬೆಳಕು ಅಳೆದು ಎಷ್ಟು ಹೊಡೆಯಬೇಕು ಅಂತ ಫ್ಲ್ಯಾಶ್‌ಗೆ ಹೇಳುವುದಕ್ಕೆ. ಕ್ಯಾನನ್‌ನವರ ಜೋಡಣೆ ಬೇರೆ, ನಿಕಾನ್‌ನವರದ್ದು ಬೇರೆ. ಅಗ್ಗದ ಮ್ಯಾನ್ಯುವಲ್ ಟ್ರಿಗರ್‌ಗೆ ಅವು ಯಾವುವೂ ಬೇಕಿಲ್ಲ.

ಈಗ ಪರೀಕ್ಷೆ. ಟ್ರಾನ್ಸ್‌ಮಿಟರನ್ನು ಕ್ಯಾಮರಾದಿಂದ ತೆಗೆಯಿರಿ. ಅದರ ಕಾಲಿನಲ್ಲಿ ನಡುವೆ ಒಂದು ಚುಕ್ಕೆ, ಪಕ್ಕದಲ್ಲಿ ಸಣ್ಣ ತಗಡಿನ ಪಟ್ಟಿ ಕಾಣುತ್ತದೆ. ಕಾಗದಕ್ಕೆ ಹಾಕುವ ಕ್ಲಿಪ್ಪನ್ನು ನೆಟ್ಟಗೆ ಮಾಡಿ ಆ ಎರಡನ್ನೂ ಮುಟ್ಟಿಸಿ. ಫ್ಲ್ಯಾಶ್ ಹೊಡೆದರೆ ಟ್ರಾನ್ಸ್‌ಮಿಟರ್ ನಿರಪರಾಧಿ. ಹೊಡೆಯದಿದ್ದರೆ ವಾಪಸ್ ಕಳಿಸಿ.

ಇದನ್ನು ಟ್ರಾನ್ಸ್‌ಮಿಟರ್‌ಗೆ ಮಾತ್ರ ಮಾಡಿ. ಹಳೆಯ ಫ್ಲ್ಯಾಶ್‌ಗಳ ಕಾಲಿಗೆ ಕ್ಲಿಪ್ ಹಿಡಿದುಕೊಂಡು ಹೋಗಬೇಡಿ. ಯಾಕೆ ಅಂತ ಯಾರಾದರೂ ಕೇಳಿದರೆ ಆಮೇಲೆ ಹೇಳುತ್ತೇನೆ.

ತೋಟದ ಕಪ್ಪೆ

ಮೇಷ್ಟ್ರೇ, ಕ್ಲಿಪ್ ಮುಟ್ಟಿಸಿದೆ. ಹೊಡೆಯಿತು! ಹತ್ತು ಸಲಕ್ಕೆ ಹತ್ತೂ ಸಲ. ಪಕ್ಕದಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದ ಅಮ್ಮ ಬೈದರು, ಕಣ್ಣಿಗೆ ಹೊಡೆಯುತ್ತದೆ ಅಂತ.

ಹಾಗಾದರೆ ಕ್ಯಾಮರಾನೇ ಕೆಟ್ಟಿದೆಯಾ? ರಿಪೇರಿ ಅಂದರೆ ಶಿವಮೊಗ್ಗಕ್ಕೆ ಹೋಗಬೇಕು.

ಮೀಟರ್ ಮೇಷ್ಟ್ರು

ಅವಸರ ಬೇಡ. ಶೂ ಹಳಿಯ ಕೆಳಭಾಗವನ್ನು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ. ಮಲೆನಾಡಿನ ತೇವಕ್ಕೆ ಅಲ್ಲಿ ಕಣ್ಣಿಗೆ ಕಾಣದ ಪದರ ಕಟ್ಟುತ್ತದೆ. ಕೆಲವು ಹಳಿಗಳಿಗೆ ಕಪ್ಪು ಬಣ್ಣವೂ ಇರುತ್ತದೆ. ಬಣ್ಣದ ಮೂಲಕ ಕರೆಂಟು ಹರಿಯುವುದಿಲ್ಲ. ರಬ್ಬರಿನ ಚೂರು ಒಳಗೆ ಬೀಳದಂತೆ ಕ್ಯಾಮರಾ ತಲೆಕೆಳಗು ಮಾಡಿ ಉಜ್ಜಿ.

ಹೊಸ ಕ್ಯಾಮರಾ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಹತ್ತಿರ ಕ್ಯಾನನ್ 1500ಡಿ ಇದೆ. ಇದೇ ಥರದ ಟ್ರಿಗರ್ ಕಾರ್ಟ್‌ನಲ್ಲಿ ಹಾಕಿಟ್ಟಿದ್ದೇನೆ. ನಾಳೆ ಆರ್ಡರ್ ಮಾಡಬೇಕು. ಕೆಲಸ ಮಾಡುತ್ತದೆ ಅಲ್ವಾ?

ಮಂಟಪದ ಲೈಟು

ಕಾರ್ಟ್‌ನಿಂದ ತೆಗೆಯಿರಿ! ಕ್ಯಾಮರಾ ಕೈಗೆತ್ತಿಕೊಂಡು ಶೂ ಒಮ್ಮೆ ನೋಡಿ. ನಡುವೆ ದೊಡ್ಡ ಚುಕ್ಕೆ ಇದೆಯಾ? ಇರುವುದಿಲ್ಲ. 1500ಡಿ, 3000ಡಿ, 200ಡಿ ಮಾರ್ಕ್ 2, ಈ ಮೂರು ಮಾಡೆಲ್‌ಗಳಲ್ಲಿ ಕ್ಯಾನನ್‌ನವರು ನಡು ಪಿನ್ ಬಿಟ್ಟುಬಿಟ್ಟಿದ್ದಾರೆ. ಟಿಟಿಎಲ್‌ನ ಸಣ್ಣ ಪಿನ್‌ಗಳು ಮಾತ್ರ ಇವೆ. ಮೇಷ್ಟ್ರು ಹೇಳಿದ ಕಾಲಿಂಗ್ ಬೆಲ್ ಬಟನ್ನೇ ಆ ಮನೆಗೆ ಇಲ್ಲ. ಒಂದೇ ಪಿನ್ನಿನ ಯಾವ ಟ್ರಿಗರ್ ತಂದರೂ ಟೆಸ್ಟ್‌ಗೆ ಹೊಡೆಯುತ್ತದೆ, ಕ್ಲಿಕ್‌ಗೆ ಹೊಡೆಯುವುದಿಲ್ಲ.

ನಿಮಗೆ ಎರಡು ದಾರಿ. ಕ್ಯಾನನ್‌ಗೆಂದೇ ಮಾಡಿದ ಟಿಟಿಎಲ್ ಟ್ರಿಗರ್ ಕೊಳ್ಳಿ. ಕೊಳ್ಳುವ ಮೊದಲು ಅದರ ಪಟ್ಟಿಯಲ್ಲಿ ನಿಮ್ಮ ಮಾಡೆಲ್ ಹೆಸರೇ ಇದೆಯಾ ಅಂತ ನೋಡಿಕೊಳ್ಳಿ. "ಎಲ್ಲ ಕ್ಯಾನನ್‌ಗೂ ಆಗುತ್ತೆ" ಅನ್ನುವ ಅಂಗಡಿ ಮಾತು ಸಾಲದು.

ಇನ್ನೊಂದು ದಾರಿ ಪುಕ್ಕಟೆ. ನಿಮ್ಮ ಕ್ಯಾಮರಾದ ಪುಟ್ಟ ಪಾಪ್-ಅಪ್ ಫ್ಲ್ಯಾಶ್ ಎತ್ತಿ. ಹೊರಗಿನ ಮ್ಯಾನ್ಯುವಲ್ ಫ್ಲ್ಯಾಶ್‌ನಲ್ಲಿ ಎಸ್2 ಅನ್ನುವ ಆಪ್ಟಿಕಲ್ ಸ್ಲೇವ್ ಮೋಡ್ (ಬೇರೆ ಫ್ಲ್ಯಾಶ್‌ನ ಮಿಂಚು ಕಂಡು ತಾನೂ ಹೊಡೆಯುವುದು) ಇದ್ದರೆ ಅದಕ್ಕೆ ಹಾಕಿ. ಪಾಪ್-ಅಪ್ ಮೊದಲು ಅಳತೆಗೆ ಒಂದು ಸಣ್ಣ ಮಿಂಚು ಕೊಡುತ್ತದೆ, ಎಸ್2 ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಎರಡನೆಯದಕ್ಕೆ ಹೊಡೆಯುತ್ತದೆ. ಎಸ್1ಗೆ ಹಾಕಿದರೆ ಮೊದಲ ಮಿಂಚಿಗೇ ಹೊಡೆದು ಸುಮ್ನೆ ವ್ಯರ್ಥ. ಮನೆಯೊಳಗೆ ಇದು ಚೆನ್ನಾಗಿ ನಡೆಯುತ್ತದೆ. ಬಿಸಿಲಿನಲ್ಲಿ ಕಷ್ಟ. ಮದುವೆ ಮನೆಯಲ್ಲಂತೂ ಬೇಡವೇ ಬೇಡ, ಪಕ್ಕದವನ ಫ್ಲ್ಯಾಶ್‌ಗೆಲ್ಲ ನಿಮ್ಮದು ಕುಣಿಯುತ್ತದೆ.

ಹೊಸ ಕ್ಯಾಮರಾ

ಅಯ್ಯೋ, ನಿಜ. ನಡುವೆ ಬೋಳು! ಎರಡು ವರ್ಷದಿಂದ ಇದೇ ಕ್ಯಾಮರಾ ಕೈಯಲ್ಲಿದೆ, ಒಂದು ದಿನವೂ ಅಲ್ಲಿ ನೋಡಿಲ್ಲ. ಉಳಿಸಿದಿರಿ ಸಾರ್.

ತೋಟದ ಕಪ್ಪೆ

ನನ್ನದಕ್ಕೆ ನಡು ಪಿನ್ ಇದೆ. ಹಳಿ ಉಜ್ಜಿಯೂ ಆಯಿತು. ಇನ್ನೂ ಹೊಡೆಯುತ್ತಿಲ್ಲ.

ಕಡಲ ತೀರ

ಕುಂದಾಪುರದಿಂದ. ಒಂದು ಪ್ರಶ್ನೆ. ಕಪ್ಪೆ ತೆಗೆಯುವಾಗ ನಿಮ್ಮ ಕಣ್ಣು ಎಲ್ಲಿರುತ್ತದೆ? ವ್ಯೂಫೈಂಡರ್‌ನಲ್ಲೋ, ಹಿಂದಿನ ಪರದೆಯಲ್ಲೋ?

ತೋಟದ ಕಪ್ಪೆ

ಪರದೆಯಲ್ಲಿ. ಕ್ಯಾಮರಾ ನೆಲಕ್ಕೆ ಇಟ್ಟಿರುತ್ತೇನೆ, ಕೆಸರಿನಲ್ಲಿ ಮಲಗಿ ವ್ಯೂಫೈಂಡರ್‌ಗೆ ಕಣ್ಣಿಡಲು ಆಗುವುದಿಲ್ಲ. ಟ್ರಿಗರ್ ಟೆಸ್ಟ್ ಮಾಡಿದ್ದೂ ಹಾಗೆಯೇ. ಅದಕ್ಕೂ ಇದಕ್ಕೂ ಏನು ಸಂಬಂಧ?

ಕಡಲ ತೀರ

ಅದೇ ಸಂಬಂಧ. ಲೈವ್ ವ್ಯೂನಲ್ಲಿ, ಅಂದರೆ ಪರದೆ ನೋಡಿ ತೆಗೆಯುವಾಗ, "ಸೈಲೆಂಟ್ ಶೂಟಿಂಗ್" ಅನ್ನುವ ಆಯ್ಕೆ ಹಲವು ಡಿಎಸ್‌ಎಲ್‌ಆರ್‌ಗಳಲ್ಲಿ ಇರುತ್ತದೆ. ಅದು ಆನ್ ಇದ್ದರೆ ಬೇರೆ ಕಂಪನಿಯ ಫ್ಲ್ಯಾಶ್ ಹೊಡೆಯುವುದಿಲ್ಲ. ಕ್ಯಾನನ್‌ನವರ ಮ್ಯಾನ್ಯುವಲ್‌ನಲ್ಲೇ ಇದನ್ನು ಬರೆದಿದ್ದಾರೆ. ಮ್ಯಾನ್ಯುವಲ್ ಯಾರು ಓದುತ್ತಾರೆ ಹೇಳಿ. ಕ್ಯಾಮರಾ ತನ್ನ ಕಂಪನಿಯ ಫ್ಲ್ಯಾಶ್ ಕಂಡರೆ ತಾನೇ ಶಟರ್ ರೀತಿ ಬದಲಿಸಿಕೊಳ್ಳುತ್ತದೆ. ನಿಮ್ಮ ಒಂದು ಪಿನ್ನಿನ ಟ್ರಿಗರ್ ಅದಕ್ಕೆ ಕಾಣುವುದೇ ಇಲ್ಲ, ತಲೆ ಮೇಲೆ ಏನೋ ಕೂತಿದೆ ಅಂತಲೂ ಗೊತ್ತಿಲ್ಲ.

ಆ ಆಯ್ಕೆ ಆಫ್ ಮಾಡಿ ನೋಡಿ. ಹಾಗೇ ಮೆನುವಿನಲ್ಲಿ ಫ್ಲ್ಯಾಶ್ ಫೈರಿಂಗ್ ಆನ್ ಇದೆಯಾ ಅದನ್ನೂ ನೋಡಿ.

ಮಿರರ್‌ಲೆಸ್ ಇರುವವರಿಗೂ ಒಂದು ಮಾತು. ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್‌ಗೆ ಬನ್ನಿ. ವ್ಯೂಫೈಂಡರ್ ಕಪ್ಪಾಗಿ ಏನೂ ಕಾಣುತ್ತಿಲ್ಲ ಅಂದರೆ ಎಕ್ಸ್‌ಪೋಷರ್ ಸಿಮ್ಯುಲೇಶನ್ (ಫೋಟೋ ಎಷ್ಟು ಕಪ್ಪಾಗಿ ಬರುತ್ತದೋ ಹಾಗೇ ಮೊದಲೇ ತೋರಿಸುವುದು) ಆಫ್ ಮಾಡಿ. ಸೋನಿಯಲ್ಲಿ ಅದಕ್ಕೆ ಸೆಟ್ಟಿಂಗ್ ಎಫೆಕ್ಟ್ ಅಂತ ಹೆಸರು. ಅಲ್ಲೂ ಕಾರಣ ಇದೇ, ಫ್ಲ್ಯಾಶ್ ಇದೆ ಅಂತ ಕ್ಯಾಮರಾಕ್ಕೆ ಗೊತ್ತಿಲ್ಲ.

ತೋಟದ ಕಪ್ಪೆ

ಹೊಡೆಯಿತು!! ಎರಡೂ! ಹದಿನೈದು ದಿನ ತಲೆ ಕೆಡಿಸಿಕೊಂಡಿದ್ದು ಒಂದು ಮೆನುವಿಗೆ. ಕಡಲ ತೀರದವರೇ, ತೀರ್ಥಹಳ್ಳಿಗೆ ಬಂದರೆ ಕೊಟ್ಟೆ ಕಡುಬು ನನ್ನ ಲೆಕ್ಕ.

ರಾತ್ರಿ ತೋಟಕ್ಕೆ ಹೋಗಿ ಬಂದು ಬರೆಯುತ್ತೇನೆ.

ಹಳೇ ರೀಲು

ನೀವು ಕಡುಬು ಬೇಯಿಸುವಷ್ಟರಲ್ಲಿ ನನ್ನದೊಂದು. ಚಿಕ್ಕಪ್ಪನ ಕಾಲದ ವಿವಿಟಾರ್ 283 ಫ್ಲ್ಯಾಶ್ ಅಟ್ಟದ ಮೇಲೆ ಸಿಕ್ಕಿತು. ಸೆಲ್ ಹಾಕಿದರೆ ಕುಯ್ಯೋ ಅಂತ ಚಾರ್ಜ್ ಆಗಿ ಹೊಡೆಯುತ್ತದೆ. ಅಗ್ಗದ ರಿಸೀವರ್‌ಗೆ ಸಿಕ್ಕಿಸಬಹುದಾ? ಮೇಷ್ಟ್ರು ಕ್ಲಿಪ್ ಬೇಡ ಅಂದದ್ದು ಇದಕ್ಕೇನಾ?

ಮೀಟರ್ ಮೇಷ್ಟ್ರು

ಇದಕ್ಕೇ. ನೀವು ಕೇಳಿದ್ದು ಒಳ್ಳೆಯದಾಯಿತು.

ಈಗಿನ ಫ್ಲ್ಯಾಶ್‌ಗಳಲ್ಲಿ ಆ ನಡು ಚುಕ್ಕೆ ಮತ್ತು ಹಳಿಯ ನಡುವೆ ಕೆಲವೇ ವೋಲ್ಟ್ ಇರುತ್ತದೆ. ಹಳೆಯವುಗಳಲ್ಲಿ ಹಾಗಲ್ಲ. 283ರ ಮೊದಮೊದಲ ತಯಾರಿಕೆಗಳಲ್ಲಿ 200 ವೋಲ್ಟ್‌ಗೂ ಮೀರಿ ಇರುತ್ತದೆ. ಆಮೇಲೆ ಬಂದವುಗಳಲ್ಲಿ ಕಡಿಮೆ ಮಾಡಿದ್ದಾರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಆದ್ದರಿಂದ ಅಳೆಯದೆ ಬೇರೆ ದಾರಿ ಇಲ್ಲ.

ಫ್ಲ್ಯಾಶ್ ಆನ್ ಮಾಡಿ, ಪೂರ್ತಿ ಚಾರ್ಜ್ ಆಗಲಿ. ಮಲ್ಟಿಮೀಟರ್ ಡಿಸಿಯ 600 ಅಥವಾ 1000 ವೋಲ್ಟ್ ಮಟ್ಟದಲ್ಲಿ ಇಡಿ. ಕೆಂಪು ಕಡ್ಡಿ ಕಾಲಿನ ನಡು ಚುಕ್ಕೆಗೆ, ಕಪ್ಪು ಕಡ್ಡಿ ಪಕ್ಕದ ಲೋಹಕ್ಕೆ. ಬೆರಳು ತಾಗಿಸಬೇಡಿ. ಐಎಸ್‌ಒ 10330 ಅನ್ನುವ ಮಾನದಂಡ ಕ್ಯಾಮರಾ 24 ವೋಲ್ಟ್‌ವರೆಗೆ ತಾಳಬೇಕು ಅನ್ನುತ್ತದೆ. ಅದಕ್ಕಿಂತ ಕಡಿಮೆ ಬಂದರೆ ಚಿಂತೆ ಕಡಿಮೆ, ಆದರೂ ರಿಸೀವರ್‌ನ ಕಾಗದದಲ್ಲಿ ಅದರ ಮಿತಿ ಎಷ್ಟು ಅಂತ ನೋಡಿ. ಕ್ಯಾಮರಾದ ಮಿತಿ ಬೇರೆ, ರಿಸೀವರ್‌ನ ಮಿತಿ ಬೇರೆ. ಮೂರಂಕಿ ಬಂದರೆ ಮತ್ತೆ ಅಟ್ಟಕ್ಕೆ ಹಾಕಿ. ಚಿಕ್ಕಪ್ಪನ ನೆನಪಿಗೆ ಇರಲಿ.

ಹಳೇ ರೀಲು

187 ತೋರಿಸಿತು. ಅಟ್ಟಕ್ಕೆ ಹೋಯಿತು.

ತೋಟದ ಕಪ್ಪೆ

ಎರಡು ರಾತ್ರಿ ತೋಟದಲ್ಲಿ ಕಳೆದೆ. ಖುಷಿಯೂ ಇದೆ, ಕಿರಿಕಿರಿಯೂ ಇದೆ.

ಖುಷಿ: ಹಿಂದಿನಿಂದ ಬೆಳಕು ಕೊಟ್ಟರೆ ಎಲೆಯ ನರಗಳು ದೀಪ ಹಚ್ಚಿದ ಹಾಗೆ ಕಾಣುತ್ತವೆ. ಮಳೆ ಹನಿಗಳು ಗಾಜಿನ ಮಣಿಗಳಂತೆ ನಿಂತಿವೆ.

ಕಿರಿಕಿರಿ ಎರಡು. ಒಂದು, ನಾಲ್ಕು ಕ್ಲಿಕ್‌ಗೆ ಒಂದು ಸಲ ಯಾವುದಾದರೂ ಒಂದು ಫ್ಲ್ಯಾಶ್ ಕೈ ಕೊಡುತ್ತದೆ. ಅರ್ಧ ಗಂಟೆ ಕಪ್ಪೆ ಕಾದು ಮೊದಲ ಕ್ಲಿಕ್ ಮಾಡಿದರೆ ಎರಡೂ ಇಲ್ಲ. ಎರಡು, ಕೆಲವು ಫೋಟೋಗಳ ಕೆಳಗಡೆ ಕಪ್ಪು ಪಟ್ಟಿ. ಶಟರ್ 1/250ರಲ್ಲಿ ಇಟ್ಟಿದ್ದೆ.

ಮಂಟಪದ ಲೈಟು

ಪಟ್ಟಿಯದು ಸುಲಭ. ಶಟರ್‌ಗೆ ಎರಡು ಪರದೆ. ಮೊದಲನೆಯದು ಸರಿದು ಜಾಗ ಬಿಡುತ್ತದೆ, ಎರಡನೆಯದು ಬಂದು ಮುಚ್ಚುತ್ತದೆ. ಒಂದು ಮಿತಿ ದಾಟಿದರೆ ಮೊದಲನೆಯದು ಪೂರ್ತಿ ಸರಿಯುವ ಮೊದಲೇ ಎರಡನೆಯದು ಹೊರಟುಬಿಡುತ್ತದೆ. ಆಗ ಫ್ಲ್ಯಾಶ್ ಹೊಡೆದರೆ ಪರದೆ ಮುಚ್ಚಿದ ಭಾಗ ಕಪ್ಪು. ಎಂಟ್ರಿ ಲೆವೆಲ್ ಕ್ಯಾಮರಾಗಳಲ್ಲಿ ಈ ಮಿತಿ ಸಾಮಾನ್ಯವಾಗಿ 1/200. ಅಗ್ಗದ ಟ್ರಿಗರ್ ಸಂದೇಶ ಮುಟ್ಟಿಸುವಾಗ ಒಂದಿಷ್ಟು ತಡ ಮಾಡುತ್ತದೆ. ಅದಕ್ಕೇ ನಾನು 1/160ಕ್ಕೆ ಇಟ್ಟು ಮರೆತುಬಿಡುತ್ತೇನೆ. ಕತ್ತಲಲ್ಲಿ ಹನಿ ನಿಲ್ಲಿಸುವುದು ಶಟರ್ ಅಲ್ಲ, ಫ್ಲ್ಯಾಶ್. ಗೋಡಾಕ್ಸ್ ಟಿಟಿ600ರ ವಿವರ ನೋಡಿ, ಮಿಂಚಿನ ಅವಧಿ 1/300 ಸೆಕೆಂಡಿನಿಂದ 1/20000 ಸೆಕೆಂಡಿನವರೆಗೆ. ಪವರ್ ಇಳಿಸಿದಷ್ಟೂ ಮಿಂಚು ಚಿಕ್ಕದು. ಫ್ಲ್ಯಾಶನ್ನು ಪೂರ್ತಿ ಪವರ್‌ನ 1/32ಕ್ಕೆ ಇಳಿಸಿ ಕಪ್ಪೆಯ ಹತ್ತಿರ ತನ್ನಿ. ಸೆಲ್ಲೂ ಉಳಿಯುತ್ತದೆ.

ಅರ್ಧ ಗಂಟೆ ಕಾದ ಮೇಲೆ ಹೊಡೆಯದಿರುವುದು ನಿದ್ದೆ. ಫ್ಲ್ಯಾಶ್‌ನ ಪವರ್ ಸೇವ್ ಆಫ್ ಮಾಡಿ. ಒಂದು ಪಿನ್ನಿನ ರಿಸೀವರ್‌ಗೆ ಮಲಗಿದ ಫ್ಲ್ಯಾಶನ್ನು ಎಬ್ಬಿಸಲು ಬರುವುದಿಲ್ಲ.

ಮೀಟರ್ ಮೇಷ್ಟ್ರು

ನಾಲ್ಕಕ್ಕೆ ಒಂದು ತಪ್ಪುವುದು ಸೆಲ್ ಇರಬಹುದು. ಫ್ಲ್ಯಾಶ್ ರೀಚಾರ್ಜ್ ಆಗುವ ಮೊದಲೇ ಕ್ಲಿಕ್ ಮಾಡುತ್ತಿದ್ದೀರೋ ಏನೋ. ಸಾದಾ ಆಲ್ಕಲೈನ್ ಬಿಟ್ಟು ನಿಕಲ್ ಮೆಟಲ್ ಹೈಡ್ರೈಡ್ ಹಾಕಿ. ಮೇಲೆ 1.2 ವೋಲ್ಟ್ ಅಂತ ಬರೆದಿದ್ದರೂ ಫ್ಲ್ಯಾಶ್ ಬೇಗ ತುಂಬುತ್ತದೆ. ಮಳೆಗಾಲ ಮುಗಿದ ಮೇಲೆ ಸೆಲ್‌ಗಳನ್ನು ಒಳಗೇ ಬಿಟ್ಟು ಡಬ್ಬಿ ಮುಚ್ಚಬೇಡಿ. ಸೋರಿದ ಸೆಲ್ ಕೊಂದಷ್ಟು ಟ್ರಿಗರ್‌ಗಳನ್ನು ಮಳೆ ಕೊಂದಿಲ್ಲ.

ಕಡಲ ತೀರ

ನನಗೆ ಬೇರೆ ಅನುಮಾನ. ನಿಮ್ಮ ಟ್ರಾನ್ಸ್‌ಮಿಟರ್‌ನಿಂದ ರಿಸೀವರ್ ಎಷ್ಟು ದೂರ?

ತೋಟದ ಕಪ್ಪೆ

ಪಕ್ಕದ್ದು ಒಂದು ಗೇಣು, ಒಂದೂವರೆ ಗೇಣು. ಹಿಂದಿನದು ನಾಲ್ಕೈದು ಅಡಿ. ಕೈ ಕೊಡುವುದು ಜಾಸ್ತಿ ಪಕ್ಕದ್ದೇ. ಹತ್ತಿರ ಇರುವುದೇ ಕೈ ಕೊಡುತ್ತದೆ, ವಿಚಿತ್ರ ಅಲ್ವಾ?

ಕಡಲ ತೀರ

ವಿಚಿತ್ರವೇನಲ್ಲ. ಕಿವಿಯ ಹತ್ತಿರ ಬಂದು ಕಿರುಚಿದರೆ ಮಾತು ಅರ್ಥವಾಗುತ್ತದಾ? ಹತ್ತಾರು ಮೀಟರ್ ಮುಟ್ಟಲಿ ಅಂತ ಮಾಡಿದ ಸಿಗ್ನಲ್ ಒಂದು ಗೇಣಿನಲ್ಲಿ ರಿಸೀವರನ್ನು ಮಂಕು ಮಾಡಿಬಿಡುತ್ತದೆ. ಗೋಡಾಕ್ಸ್‌ನ ಎಕ್ಸ್‌ಪ್ರೋದಂಥ ಟ್ರಿಗರ್‌ಗಳ ಮೆನುವಿನಲ್ಲಿ ಇದಕ್ಕೆಂದೇ ದೂರದ ಆಯ್ಕೆ ಇದೆ: 1ರಿಂದ 100 ಮೀಟರ್, ಇಲ್ಲವೇ 0ಯಿಂದ 30 ಮೀಟರ್. ಮ್ಯಾಕ್ರೋ ಮಾಡುವವರು, ಅಂದರೆ ತೀರಾ ಹತ್ತಿರದಿಂದ ತೆಗೆಯುವವರು, ಎರಡನೆಯದಕ್ಕೆ ಹಾಕಬೇಕು. ನಿಮ್ಮ 433ರ ಡಬ್ಬಿಯಲ್ಲಿ ಅಂಥ ಮೆನು ಎಲ್ಲಿ ಬರಬೇಕು, ನಾಲ್ಕು ಪುಟಾಣಿ ಸ್ವಿಚ್ ಬಿಟ್ಟರೆ.

ಮೀಟರ್ ಮೇಷ್ಟ್ರು

ಒಂದು ಗೇಣಿಗೆ ರೇಡಿಯೋ ಯಾಕೆ? ಎಲ್ಲಿಗೆ ಬಂದೆವು ನೋಡಿ. ಒಂದು ಸುರುಳಿ ವೈರ್ ಹಾಕಿ. ಶೂನಿಂದ ಶೂಗೆ ಹೋಗುವ ವೈರ್ ಸಿಗುತ್ತದೆ. ಸೆಲ್ ಬೇಡ, ಚಾನೆಲ್ ಬೇಡ, ತಡ ಇಲ್ಲ.

ಮಂಟಪದ ಲೈಟು

ಮೇಷ್ಟ್ರೇ, ವೈರ್ ಹಾಕಿದರೆ ಟ್ರಾನ್ಸ್‌ಮಿಟರ್ ಕೂರುವುದು ಎಲ್ಲಿ? ಕ್ಯಾಮರಾಕ್ಕೆ ಶೂ ಒಂದೇ.

ಮೀಟರ್ ಮೇಷ್ಟ್ರು

ಅದೂ ಸರಿ. ಹಾಗಾದರೆ ಪಕ್ಕದ ಫ್ಲ್ಯಾಶ್ ವೈರ್‌ನಲ್ಲಿ ಇರಲಿ, ಹಿಂದಿನ ಫ್ಲ್ಯಾಶ್ ಎಸ್1ಗೆ ಹಾಕಲಿ. ರಾತ್ರಿ ಹೊತ್ತು ತೋಟದಲ್ಲಿ ಬೇರೆ ಯಾರ ಫ್ಲ್ಯಾಶ್ ಇದೆ? ಪಕ್ಕದ್ದರ ಮಿಂಚು ನೋಡಿ ಹಿಂದಿನದು ಹೊಡೆಯುತ್ತದೆ. ಮ್ಯಾನ್ಯುವಲ್ ಫ್ಲ್ಯಾಶ್ ಮೊದಲ ಸಣ್ಣ ಮಿಂಚು ಕೊಡುವುದಿಲ್ಲ, ಎಸ್1 ಸಾಕು. ಟ್ರಿಗರ್ ಡಬ್ಬಿಯಲ್ಲೇ ಇರಲಿ.

ಕಡಲ ತೀರ

ಗುಡುಗು ಮಿಂಚಿನ ರಾತ್ರಿ ಎಸ್1 ಏನು ಮಾಡುತ್ತದೆ ನೋಡಬೇಕು! ತಮಾಷೆ ಇರಲಿ, ಆಪ್ಟಿಕಲ್ ಸ್ಲೇವ್‌ನ ಕಣ್ಣಿಗೆ ಬೆಳಕು ಬೀಳಬೇಕು. ದಪ್ಪ ಎಲೆ ಅಡ್ಡ ಬಂದರೆ ಮುಗಿಯಿತು. ರೇಡಿಯೋ ಎಲೆ ದಾಟುತ್ತದೆ. 433ರ ಅಲೆ ಸುಮಾರು 70 ಸೆಂಟಿಮೀಟರ್ ಉದ್ದ, 2.4 ಗಿಗಾಹರ್ಟ್ಸ್‌ನದು 12 ಸೆಂಟಿಮೀಟರ್ ಚಿಲ್ಲರೆ. ಒದ್ದೆ ಎಲೆ, ಒದ್ದೆ ಮೈ ನಡುವೆ ಬಂದರೆ ಚಿಕ್ಕ ಅಲೆಗೇ ಕಷ್ಟ ಜಾಸ್ತಿ. ಹಳೆಯ ಡಬ್ಬಿ ಅಂತ ಎಸೆಯಬೇಡಿ. ಟ್ರಾನ್ಸ್‌ಮಿಟರ್ ಇದ್ದಲ್ಲೇ ಇರಲಿ, ಪಕ್ಕದ ಫ್ಲ್ಯಾಶ್‌ನ ರಿಸೀವರನ್ನು ಒಂದು ಮಾರು ಆಚೆ ಸರಿಸಿ ಸಣ್ಣ ಸಿಂಕ್ ವೈರ್‌ನಲ್ಲಿ ಫ್ಲ್ಯಾಶ್‌ಗೆ ಕೊಡಿ. ಫ್ಲ್ಯಾಶ್ ಹತ್ತಿರ, ರಿಸೀವರ್ ದೂರ.

ಹೊಸ ಕ್ಯಾಮರಾ

ನಾಲ್ಕು ಪುಟಾಣಿ ಸ್ವಿಚ್ ಅಂದಿರಲ್ಲ, ಅವು ಏನು?

ಮಂಟಪದ ಲೈಟು

ಚಾನೆಲ್. ಒಂದೊಂದು ಸ್ವಿಚ್ ಮೇಲೆ ಅಥವಾ ಕೆಳಗೆ. ನಾಲ್ಕು ಸ್ವಿಚ್‌ಗೆ ಹದಿನಾರು ಜೋಡಣೆ, ಹದಿನಾರು ಚಾನೆಲ್. ಟ್ರಾನ್ಸ್‌ಮಿಟರ್, ರಿಸೀವರ್ ಎರಡರಲ್ಲೂ ಒಂದೇ ಥರ ಇರಬೇಕು. ಡಬ್ಬಿಯಿಂದ ತೆಗೆದ ಹಾಗೇ ಬಳಸಬೇಡಿ, ಎಲ್ಲರೂ ಹಾಗೇ ಬಳಸುತ್ತಾರೆ. ಒಂದು ಮುಹೂರ್ತದಲ್ಲಿ ಹೆಣ್ಣಿನ ಕಡೆಯ ಫೋಟೋಗ್ರಾಫರ್ ಕ್ಲಿಕ್ ಮಾಡಿದಾಗಲೆಲ್ಲ ನನ್ನ ಛತ್ರಿ ಲೈಟ್ ಹೊಡೆಯುತ್ತಿತ್ತು. ನನ್ನದಕ್ಕೆ ಅವನದ್ದು. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಎರಡೂ ಚಾರ್ಜ್ ಆಗುತ್ತಿದ್ದವು. ಅವತ್ತಿನಿಂದ ಮಂಟಪಕ್ಕೆ ಹೋದ ಕೂಡಲೇ ಮೊದಲ ಕೆಲಸ, ಆ ಕಡೆಯವರನ್ನು ಹುಡುಕಿ ಚಾನೆಲ್ ಕೇಳುವುದು. ಕಾಫಿ ಆಮೇಲೆ.

ತೋಟದ ಕಪ್ಪೆ

ನಿನ್ನೆ ರಾತ್ರಿಯ ವರದಿ. ಪವರ್ ಸೇವ್ ಆಫ್, ಶಟರ್ 1/160, ಫ್ಲ್ಯಾಶ್ 1/32, ಹೊಸ ರೀಚಾರ್ಜ್ ಸೆಲ್. ಪಕ್ಕದ ರಿಸೀವರನ್ನು ಅಡಿಕೆ ಮರಕ್ಕೆ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಕಟ್ಟಿದೆ, ಅಲ್ಲಿಂದ ವೈರ್ ಎಳೆದೆ. ಅರವತ್ತೆರಡು ಕ್ಲಿಕ್‌ಗೆ ತಪ್ಪಿದ್ದು ಎರಡು. ಕಪ್ಪು ಪಟ್ಟಿ ಒಂದೂ ಇಲ್ಲ.

ಕೂಡಿಕೊಂಡ ಜೋಡಿ ಒಂದು ಕಂಡಿತು. ನಾಲ್ಕು ಫೋಟೋ ತೆಗೆದು ಲೈಟ್ ಆರಿಸಿ ಬಂದೆ, ಅವಕ್ಕೂ ಅವರ ಕೆಲಸ ಇದೆ.

ಫೋಟೋ ಹಾಕಬೇಕು ಅಂತ ಕೂತರೆ ನೆಟ್‌ವರ್ಕ್ ಹೋಗಿದೆ. ಈ ನಾಲ್ಕು ಸಾಲು ಬರೆಯಲು ಗುಡ್ಡ ಹತ್ತಿ ನಿಂತಿದ್ದೇನೆ, ಮಳೆ ಬೇರೆ ಶುರುವಾಯಿತು. ಫೋಟೋ ನಾಳೆ.

ಹೊಸ ಕ್ಯಾಮರಾ

ಕಾಯುತ್ತಿರುತ್ತೇವೆ. ನಾನು ಪಾಪ್-ಅಪ್, ಎಸ್2 ಮಾಡಿ ನೋಡಿದೆ. ಅಡುಗೆಮನೆಯಲ್ಲಿ ಟೊಮ್ಯಾಟೊ ಫೋಟೋ ಬಂತು. ಕಪ್ಪೆ ಸಿಕ್ಕಿಲ್ಲ, ಬೆಂಗಳೂರು.